ಅಕ್ಷರ ಹಿಗ್ಗಿ ಪುಟ ಕುಸಿದದ್ದು

ಮುಗಿಯಿತು ಎಂದು ಕೈ ತೊಳೆದುಕೊಂಡ ಕೆಲಸದಷ್ಟು ಸುಸ್ತು ಮಾಡುವಂಥದ್ದು ಈ ಲೋಕದಲ್ಲಿ ಬೇರೊಂದಿಲ್ಲ. ಇನ್ನೂ ಮಾಡಬೇಕಾದ ಕೆಲಸ ಎದುರಿಗಿದ್ದರೆ ಬೈದುಕೊಂಡಾದರೂ ಮನಸ್ಸು ಸಜ್ಜಾಗುತ್ತದೆ. ಮುಗಿಸಿ, ಚಹಾ ಕುಡಿದು, ಕಾಲು ಚಾಚಿದ ಮೇಲೆ ಅದೇ ಕೆಲಸ ಮತ್ತೆ ಎದ್ದು ಬಂದು ಬಾಗಿಲಲ್ಲಿ ನಿಂತರೆ ಮಾತ್ರ ಜೀವವೇ ಬೇಡವೆನಿಸುತ್ತದೆ. ಹಾಗೆ ನೋಡಿದರೆ ನಾನು ಹುಟ್ಟಾ ದಣಿದವನು. "ನೀವು ಹುಟ್ಟಿದಾಗ ಅಳೋದು ಬಿಟ್ಟು ಆಕಳಿಸಿರ್ಬೇಕ ನೋಡ್ರಿ," ಎಂದು ನನ್ನ ಹೆಂಡತಿ ಶಾರದಾ ಬಂದವರೆದುರಿಗೆಲ್ಲ ಹೇಳುತ್ತಾಳೆ. ನಾನು ವಾದಿಸುವುದಿಲ್ಲ, ವಾದಿಸಲಿಕ್ಕೂ ತ್ರಾಣ ಬೇಕಲ್ಲ. ಇಂಥವನ ಕೊರಳಿಗೆ ಒಂದು ವೆಬ್ ಪುಟ ಬಂದು ಗಂಟುಬಿದ್ದದ್ದನ್ನು ಯಾರ ಮುಂದೆಯಾದರೂ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಗಜೇಂದ್ರಗಡದಲ್ಲಿ ನನ್ನದೊಂದು ಟೈಪಿಂಗ್ ಶಾಲೆ. ಮೊದಲು ಹತ್ತು ಟೈಪ್‌ರೈಟರುಗಳಿದ್ದವು. ಅವುಗಳ ಸದ್ದಿಗೆ ಮಧ್ಯಾಹ್ನದ ನಿದ್ದೆ ಕಳೆದುಕೊಂಡ ಎದುರು ಮನೆಯ ಅಜ್ಜಿ ದಿನಾಲೂ ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದಳು. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗುವಷ್ಟರಲ್ಲಿ ಟೈಪಿಂಗ್ ಕಲಿಯುವವರು ಕಡಿಮೆಯಾಗಿ ಅಜ್ಜಿಗೆ ನಿದ್ದೆ ಬರತೊಡಗಿತು, ನನ್ನ ನಿದ್ದೆ ಹೋಯಿತು. ನಾನೂ ಎರಡು ಕಂಪ್ಯೂಟರ್ ತಂದಿಟ್ಟು ಬೋರ್ಡಿನ ಮೇಲೆ 'ಮತ್ತು ಕಂಪ್ಯೂಟರ್' ಎಂದು ಸೇರಿಸಿ ಬರೆಸಿದೆ. ವೆಬ್ ಪುಟ ಕಟ್ಟುವುದನ್ನು ಒಂದು ದಪ್ಪ ಪುಸ್ತಕ ನೋಡಿ ನಾನೇ ಕಲಿತೆ. ಕಲಿತೆ ಎಂದರೆ ಮುಕ್ಕಾಲು ಭಾಗ ಓದಿದೆ. ಕೊನೆಯ ಅಧ್ಯಾಯಗಳು ಪರೀಕ್ಷೆಗೆ ಬರುವುದಿಲ್ಲ ಎಂಬ ವಿದ್ಯಾರ್ಥಿ ದೆಸೆಯ ನಂಬಿಕೆ ನನ್ನಲ್ಲಿ ಇನ್ನೂ ಗಟ್ಟಿಯಾಗಿತ್ತು. ಇಂಟರ್‌ನೆಟ್ ಆಗ ಫೋನಿನ ತಂತಿಯ ಮೇಲೆಯೇ ಬರಬೇಕು, ಅದು ಬಂದಷ್ಟು ಹೊತ್ತು ಫೋನು ಬಂದ್. ಜಕ್ಕಲಿಯಿಂದ ನಮ್ಮ ಅತ್ತೆ ಯಾವಾಗ ಫೋನು ಮಾಡಿದರೂ ಹತ್ತುತ್ತಿರಲಿಲ್ಲ. "ಅಳಿಯಂದ್ರು ಯಾರ ಜೋಡಿ ಅಷ್ಟ ಮಾತಾಡ್ತಾರವಾ?" ಎಂದು ಅವರು ಮಗಳನ್ನು ಕೇಳಿದರಂತೆ. "ಇಡೀ ಜಗತ್ತಿನ ಜೋಡಿ ಮಾತಾಡ್ತಾರವ್ವ, ಮನ್ಯಾಗ ಮಾತ್ರ ಬಾಯಿ ಬಿಡಂಗಿಲ್ಲ," ಎಂದಳಂತೆ ಇವಳು.

ಹೀಗಿರುವಾಗ ನಮ್ಮೂರ ನೇಕಾರರ ಪೈಕಿ ಇಬ್ಬರು ಹಿರಿಯರು, ಮಾಬುಸಾಬ ಮತ್ತು ವೀರಪ್ಪ, ನಮ್ಮ ಶಾಲೆಗೆ ಬಂದರು. ಜೊತೆಯಾಗಿ ಬಂದರು ಎಂದರೆ ತಪ್ಪಾದೀತು. ಒಂದೇ ಹೊತ್ತಿಗೆ ಬೇರೆ ಬೇರೆಯಾಗಿ ಬಂದರು. ಇಬ್ಬರ ಮಗ್ಗದ ಮನೆಗಳೂ ಎದುರುಬದುರಾಗಿವೆ. ಆದರೆ ಸೀರೆಯ ದಡಿಯಲ್ಲಿ, ಎಂದರೆ ಅಂಚಿನಲ್ಲಿ, ಬರುವ ಒಂದು ನಮೂನೆಯನ್ನು ಮೊದಲು ನೇಯ್ದವರು ಯಾರು ಎಂಬ ಜಗಳದಲ್ಲಿ ಎಷ್ಟೋ ವರ್ಷಗಳ ಹಿಂದೆ ಮಾತು ನಿಂತುಹೋಗಿತ್ತು. ಮಾತು ನಿಂತಿದ್ದರೂ ವ್ಯವಹಾರ ನಿಂತಿರಲಿಲ್ಲ. ಏನಾದರೂ ಹೇಳುವುದಿದ್ದರೆ ನಡುವೆ ಮೂರನೆಯವನೊಬ್ಬ ಇರಬೇಕು, ಅಷ್ಟೆ. ಅಂದು ಆ ಮೂರನೆಯವನು ನಾನಾದೆ. "ಮಾಸ್ತರ್ರ, ಇಂಟರ್‌ನೆಟ್ಟಿನ್ಯಾಗ ಎಂಟು ಮಂದಿ ನೇಕಾರ್ರವು ಎಂಟು ಸೀರಿ ಹಾಕೂಣಂತ ಅವ್ರಿಗೆ ಹೇಳ್ರಿ," ಎಂದರು ಮಾಬುಸಾಬ. ಅವರಿಂದ ಒಂದು ಮೊಳ ಆಚೆ ಕೂತಿದ್ದ ವೀರಪ್ಪ ಗೋಡೆ ನೋಡುತ್ತ, "ಎಂಟಾದ್ರ ಎಂಟು, ನಮ್ಮದೇನ ಅಡ್ಡಿ ಇಲ್ಲಂತ ಹೇಳ್ರಿ," ಎಂದರು. ನಾನು ಅದನ್ನೂ ಹೇಳಿದೆ, ಇದನ್ನೂ ಹೇಳಿದೆ. ಪುಟ ಶುರುವಾಗುವ ಮೊದಲೇ ನನಗೆ ಸುಸ್ತಾಗಿತ್ತು.

ವೀರಪ್ಪ ಹೋದ ಮೇಲೆ ಮಾಬುಸಾಬ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ಪ್ರತಿ ಸೀರಿ ಕೆಳಗ ನೇಯ್ದವ್ರ ಹೆಸರು ಬರೀರಿ ಮಾಸ್ತರ್ರ. ಅಪ್ಪನ ಹೆಸರು, ಅಡ್ಡಹೆಸರು ಎಲ್ಲಾ ಇರ್ಲಿ. ಬರೇ ಮಾಬುಸಾಬ ಅಂದ್ರ ನಮ್ಮ ಓಣ್ಯಾಗ ನಾಕ ಮಂದಿ ಅದೀವಿ." ಆಗಲಿ ಎಂದೆ. ಅವರು ಏಳಲಿಲ್ಲ. "ಸಣ್ಣಾಂವ ಇದ್ದಾಗಿಂದ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತೀನ್ರಿ. ಸೀರಿ ಮನಿ ಬಿಟ್ಟು ಹೊಂಟ ಮ್ಯಾಲೆ ಡಬ್ಬಿ ಮ್ಯಾಲೆ ಅಂಗಡ್ಯಾವ್ರ ಹೆಸರು. ಉಟ್ಟಾಕಿಗೆ ನಾ ಯಾರಂತ ಗೊತ್ತಿಲ್ಲ. ಹಂಗಂತ ಸಿಟ್ಟೇನಿಲ್ಲ ಬಿಡ್ರಿ. ಖರೇ, ಕಣ್ಣು ದಿನಾ ಮಂದ ಆಗಾಕತ್ತಾವು. ಪೂರಾ ಹೋಗೂದ್ರಾಗ, ನನ್ನ ಸೀರಿ ಕೆಳಗ ನನ್ನ ಹೆಸರ ಒಮ್ಮೆ ನಾನ ಓದಬೇಕು. ಇನ್ನೊಬ್ರು ಓದಿ ಹೇಳೂದಲ್ಲ, ನಾನ." ಇದನ್ನು ಅವರು ಬಹಳ ಸಾದಾ ದನಿಯಲ್ಲಿ ಹೇಳಿದರು. ನಾನೂ ಅಷ್ಟೇ ಸಾದಾ ದನಿಯಲ್ಲಿ "ಅದೇನ ದೊಡ್ಡ ಕೆಲಸ ಬಿಡ್ರಿ," ಎಂದೆ. ನನ್ನ ಬಾಯಿಗೆ ಅಂದು ಯಾರಾದರೂ ಬೀಗ ಹಾಕಬೇಕಿತ್ತು.

ಪುಟ ಕಟ್ಟಿದೆ. ಮೇಲೆ ನಾಲ್ಕು ಸೀರೆಗಳ ಫೋಟೋ ಒಂದು ಸಾಲು, ಅದರ ಕೆಳಗೆ ನಾಲ್ಕು ಹೆಸರುಗಳ ಸಾಲು. ಮತ್ತೆ ನಾಲ್ಕು ಫೋಟೋ, ಮತ್ತೆ ನಾಲ್ಕು ಹೆಸರು. ಕಂಪ್ಯೂಟರಿನ ಪರದೆಯೆಂದರೆ ಸಣ್ಣ ಸಣ್ಣ ಚುಕ್ಕಿಗಳ ಬಯಲು. ಯಾವುದು ಎಷ್ಟು ಚುಕ್ಕಿ ಅಗಲ, ಎಷ್ಟು ಚುಕ್ಕಿ ಎತ್ತರ ಎಂದು ಲೆಕ್ಕ ಹಾಕಿ, ಒಂದು ಚುಕ್ಕಿಯೂ ಹೆಚ್ಚುಕಡಿಮೆಯಾಗದಂತೆ ಎಲ್ಲವನ್ನೂ ಕೂರಿಸಿದೆ. ಕನ್ನಡದಲ್ಲಿ ಇದು ಹುಡುಗಾಟವಲ್ಲ. ಇಂಗ್ಲಿಷ್ ಅಕ್ಷರಗಳು ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತವೆ. ನಮ್ಮವಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ. 'ವೀರಪ್ಪ' ಎಂದು ಬರೆದರೆ ಪಕಾರದ ಒತ್ತು ಕೆಳಮನೆಯವರ ತಲೆಗೆ ಬಡಿಯುತ್ತದೆ. ಅದಕ್ಕೂ ಜಾಗ ಕೊಟ್ಟೆ. ನನ್ನ ಕಣ್ಣಿಗೆ ಪುಟ ದೀಪಾವಳಿಗೆ ಸಾರಿಸಿದ ಅಂಗಳದಂತೆ ಕಂಡಿತು. ಚಹಾ ಕುಡಿದು ಕಾಲು ಚಾಚಿದೆ.

ಮರುದಿನ ನಾನು ಊಟ ಮಾಡಿ ಅಡ್ಡಾಗಿದ್ದಾಗ ಮಾಬುಸಾಬ ಬಂದಿದ್ದಾರೆ. ಆ ಹೊತ್ತಿನಲ್ಲಿ ಶಾಲೆ ನೋಡಿಕೊಳ್ಳುವವಳು ಶಾರದಾ. ಆಕೆ ಪುಟ ತೆರೆದು ತೋರಿಸಿದಳು. ಅವರು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿ, "ಬಸ್ಸಿನ ಬೋರ್ಡ ಓದ್ತೀನಿ ಯವ್ವಾ, ಇದನ್ನ ಓದಾಕ ಆಗವಲ್ದು," ಎಂದರು. "ತಡೀರಿ ಕಾಕಾ, ದೊಡ್ಡದ ಮಾಡ್ತೀನಿ," ಎಂದಳು ಶಾರದಾ. ಅಕ್ಷರಗಳ ಗಾತ್ರಕ್ಕೆ ಆ ಕಾಲದ ಕಂಪ್ಯೂಟರಿನಲ್ಲಿ ಐದು ಮೆಟ್ಟಿಲುಗಳಿದ್ದವು. ನಾನು ನಡುವಿನ ಮೆಟ್ಟಿಲಿನ ಮೇಲೆ ಪುಟ ಕಟ್ಟಿ, ಉಳಿದ ನಾಲ್ಕು ಇವೆ ಎಂಬುದನ್ನೇ ಮರೆತಿದ್ದೆ. ಆಕೆ ಒಂದೇ ಏಟಿಗೆ ಕೊನೆಯ ಮೆಟ್ಟಿಲು ಹತ್ತಿಸಿದಳು. ನನ್ನ ನಿದ್ದೆಯೊಳಗೆ "ಮಾಸ್ತರ್ರಾ!" ಎಂಬ ಕೂಗು ಕೇಳಿಸಿತು. ಹೋಗಿ ನೋಡಿದರೆ ನನ್ನ ಅಂಗಳದಲ್ಲಿ ಎತ್ತು ಬಿಟ್ಟಂತಾಗಿತ್ತು.

ಆದದ್ದಿಷ್ಟು. ಮೇಲಿನ ಸಾಲಿನ ನಾಲ್ಕನೆಯ ಸೀರೆ ಮಾಬುಸಾಬರದು. ಅಪ್ಪ, ಅಡ್ಡಹೆಸರು ಎಲ್ಲ ಸೇರಿ ಅವರ ಹೆಸರು ಮೊದಲೇ ಉದ್ದ. ಅಕ್ಷರಗಳು ಹಿಗ್ಗಿದ ಕೂಡಲೇ ನಾಲ್ಕು ಹೆಸರು ಒಂದು ಸಾಲಿನಲ್ಲಿ ಹಿಡಿಸದೆ, ಕಡೆಯದಾದ ಅವರ ಹೆಸರು ಜಾರಿ ಕೆಳಗಿನ ಸಾಲಿನ ಎಡತುದಿಗೆ ಬಿತ್ತು. ಅಲ್ಲಿ ಅದರ ಅಡಿಗೇ ಇದ್ದ ಐದನೆಯ ಫೋಟೋ ವೀರಪ್ಪನವರ ಸೀರೆಯದು. ಹೀಗಾಗಿ ವೀರಪ್ಪನವರ ಸೀರೆಗೆ ತಲೆಯ ಮೇಲೊಂದು ಹೆಸರು, ಕಾಲಡಿಗೊಂದು ಹೆಸರು. ಮಾಬುಸಾಬರ ಸೀರೆಗೆ ಹೆಸರೇ ಇಲ್ಲ. "ನನ್ನ ಸೀರಿಗೆ ಯಾರೂ ದಿಕ್ಕಿಲ್ಲೇನ್ರಿ?" ಎಂದು ಅವರು ಕೇಳಿದರು. ಸುದ್ದಿ ಓಣಿಗೆ ಹೋಯಿತು. ಒಂದು ತಾಸಿನೊಳಗೆ ವೀರಪ್ಪ ಬಂದರು. "ನನ್ನ ಸೀರಿ ನೆತ್ತಿ ಮ್ಯಾಲೆ ಅವ್ರ ಹೆಸರು ಯಾಕ ಕುಂತೈತಿ ಅಂತ ಅವ್ರನ್ನ ಕೇಳ್ರಿ. ಮೊದಲ ದಡಿ ಒಯ್ದ್ರು, ಈಗ ಸೀರೀನ ಒಯ್ತಾರೇನಂತ ಕೇಳ್ರಿ!" ನಾನು ಅಕ್ಷರವನ್ನು ಸಣ್ಣದು ಮಾಡಿ, ಎಲ್ಲ ಸರಿಯಾಗಿದೆ ನೋಡಿ ಎಂದೆ. ವೀರಪ್ಪನವರಿಗೆ ಸಮಾಧಾನವಾಯಿತು. ಆದರೆ ಮಾಬುಸಾಬರಿಗೆ ಕಾಣದಾಯಿತು. ದೊಡ್ಡದು ಮಾಡಿದೆ, ಮಾಬುಸಾಬರಿಗೆ ಕಂಡಿತು, ವೀರಪ್ಪ ಕುರ್ಚಿ ಬಿಟ್ಟೆದ್ದರು. ಹೀಗೆ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ ನನ್ನ ಬೆರಳು ನೋಯತೊಡಗಿತು. ಇಬ್ಬರೂ ಹೇಳಿದ್ದು ತಮ್ಮ ತಮ್ಮ ಗಾತ್ರದಲ್ಲಿ ಖರೇನೇ ಇತ್ತು.

ಮೊದಲು ನನಗೆ ಹೊಳೆದ ಉಪಾಯವೆಂದರೆ ಹೆಸರುಗಳ ನಡುವೆ ಜಾಗ ಬಿಡುವುದು. ಬಿಟ್ಟೆ. ನಾಲ್ಕನೆಯ ಮೆಟ್ಟಿಲಿನವರೆಗೆ ಪುಟ ತಡೆದು ನಿಂತಿತು, ಐದನೆಯದಕ್ಕೆ ಮತ್ತೆ ಕುಸಿಯಿತು. ಇನ್ನಷ್ಟು ಜಾಗ ಬಿಟ್ಟರೆ ಪುಟ ಪರದೆಯ ಆಚೆ ಹೋಗಿ, ಅರ್ಧ ಸೀರೆ ನೋಡಲಿಕ್ಕೆ ಅತ್ತ ಎಳೆಯಬೇಕು, ಇನ್ನರ್ಧ ನೋಡಲಿಕ್ಕೆ ಇತ್ತ ಎಳೆಯಬೇಕು. ನಾಲ್ಕು ದಿನ ಹೀಗೆ ಹೆಣಗಿ ಕಡೆಗೆ, ನರಗುಂದದಲ್ಲಿ ಕಂಪ್ಯೂಟರ್ ಬಲ್ಲವರೊಬ್ಬರಿದ್ದಾರೆ ಎಂದು ಕೇಳಿ ಪುಟವನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಬಸ್ ಹತ್ತಿದೆ. ರೋಣದಲ್ಲಿ ಡ್ರೈವರ್ ಮಿರ್ಚಿ ತಿನ್ನಲು ಇಳಿದವನು ಮಿರ್ಚಿ ಬೆಳೆದು ಬಂದ ಮೇಲೆ ತಿಂದನೋ ಏನೋ, ಅಷ್ಟು ಹೊತ್ತು ಮಾಡಿದ. ಬಿಸಿಲಿಗೆ ಫ್ಲಾಪಿ ಕರಗೀತೆಂಬ ಭಯದಿಂದ ನಾನು ಅದನ್ನು ಊಟದ ಡಬ್ಬಿಯೊಳಗೆ ಚಪಾತಿಯ ಮೇಲಿಟ್ಟು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನರಗುಂದದ ಆ ಬಲ್ಲವರು ಫ್ಲಾಪಿಯನ್ನು ಮೂಸಿ ನೋಡಿ, ಒರೆಸಿ, ಪುಟ ತೆರೆದು ನಕ್ಕರು. "ಇದಕ್ಯಾಕ ಇಷ್ಟ ದೂರ ಬಂದ್ರಿ? ಅಕ್ಷರಕ್ಕೂ ಚುಕ್ಕಿ ಅಳತಿ ಹಾಕಿ ಬಿಗದ್ಬಿಡ್ರಿ. ಯಾವ ಮೆಟ್ಲ ಹತ್ತಿಸಿದ್ರೂ ಹಂದಾಡಂಗಿಲ್ಲ." ಎರಡು ಸಾಲು ತಿದ್ದಿಕೊಟ್ಟರು. ಖರೇನೇ, ಅಕ್ಷರಗಳು ಮೊಳೆ ಹೊಡೆದಂತೆ ನಿಂತವು. ಬರುವಾಗ ಬಸ್ಸಿನಲ್ಲಿ ನನಗೆ ಒಳ್ಳೆಯ ನಿದ್ದೆ ಬಂದಿತ್ತು.

ಮಾಬುಸಾಬ ಬಂದರು. ಶಾರದಾ ಮೆಟ್ಟಿಲು ಹತ್ತಿಸಿದಳು. ಏನೂ ಆಗಲಿಲ್ಲ. ಮತ್ತೊಮ್ಮೆ ಹತ್ತಿಸಿದಳು. ಅಕ್ಷರಗಳು ಇದ್ದಷ್ಟೇ ಸಣ್ಣವಾಗಿ, ಇದ್ದಲ್ಲೇ ನಿಂತಿದ್ದವು. "ನೋಡ್ರಿ, ಈಗ ಯಾರ ಹೆಸರೂ ಯಾರ ಮ್ಯಾಲೂ ಬೀಳಂಗಿಲ್ಲ," ಎಂದೆ ನಾನು. ಅವರು ಪರದೆಯ ಹತ್ತಿರಕ್ಕೆ ಬಾಗಿ ನೋಡಿ, "ಪುಟ ಚಲೋ ನಿಂತೈತಿ ಬಿಡ್ರಿ. ನನಗ ಕಾಣಂಗಿಲ್ಲ, ಅಷ್ಟ," ಎಂದು ಎದ್ದು ಹೋದರು. ಸಿಟ್ಟು ಮಾಡಿಕೊಂಡಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಶಾರದಾ ಮಾತ್ರ ಬಿಡಲಿಲ್ಲ. "ಪುಟ ನೆಟ್ಟಗ ನಿಂತ್ರ ಸಾಕಾತೇನ್ರಿ ನಿಮಗ? ಓದವ್ರು ಬ್ಯಾಡೇನು? ಆ ಮನಶ್ಯಾ ಏನ ಕೇಳಿದ್ರು, ನೀವೇನ ಮಾಡಿಟ್ರಿ?" ಅಂದಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಕೇಳುವ ಧೈರ್ಯ ನನಗಾಗಲಿಲ್ಲ.

ಇದು ನನ್ನಿಂದಾಗುವ ಕೆಲಸವಲ್ಲ ಎಂದು ಹೇಳಿ ಕೈಮುಗಿದು ಬರೋಣವೆಂದು ಮರುದಿನ ಬೆಳಿಗ್ಗೆ ಮಾಬುಸಾಬರ ಮನೆಗೆ ಹೋದೆ. ಅವರು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದರು. ಕಣ್ಣು ಎಲ್ಲೋ, ಕೈ ಎಲ್ಲೋ. ಲಾಳಿ ಮಾತ್ರ ತನ್ನ ದಾರಿ ತಪ್ಪುತ್ತಿರಲಿಲ್ಲ. ನಾನು ನನ್ನ ಗೋಳು ತೋಡಿಕೊಂಡೆ. ಸಾಲು, ಫೋಟೋ, ಮೆಟ್ಟಿಲು, ನರಗುಂದ, ಮಿರ್ಚಿ, ಎಲ್ಲ ಹೇಳಿದೆ. ಅವರು ನೇಯುವುದನ್ನು ನಿಲ್ಲಿಸದೆ ಕೇಳಿದರು.

"ಯಾವ ಅಳತಿಲೆ ಕಟ್ಟೀರಿ ಮಾಸ್ತರ್ರ?"

"ಚುಕ್ಕಿ ಅಳತಿಲೇರಿ."

"ಅಕ್ಷರ ದಪ್ಪ ಆದಾಗ ಚುಕ್ಕೀನೂ ದಪ್ಪ ಆಕ್ಕಾವೇನ್ರಿ?"

"ಇಲ್ರಿ."

"ಮತ್ತ!" ಎಂದು ಅವರು ಲಾಳಿ ನಿಲ್ಲಿಸಿದರು. ಇಷ್ಟು ಸಣ್ಣ ವಿಷಯಕ್ಕೆ ನರಗುಂದದವರೆಗೆ ಹೋಗಿಬಂದವನನ್ನು ಕಂಡು ಅವರಿಗೆ ಕನಿಕರವಾದಂತಿತ್ತು. "ದಡಿ ಎಷ್ಟ ಅಗಲ ಅಂತ ಯಾರರ ಕೇಳಿದ್ರ ನಾವು ಇಂಚು ಹೇಳಂಗಿಲ್ರಿ, ಎಳಿ ಹೇಳ್ತೀವಿ. ದಡಿಗೆ ಇಷ್ಟ ಎಳಿ, ಒಂದು ಹೂವಿಗೆ ಇಷ್ಟ ಎಳಿ. ನೂಲು ಸಣ್ಣದ ಬಂದ್ರ ಹೂವೂ ಸಣ್ಣದು, ದಡೀನೂ ಸಣ್ಣದು. ದಪ್ಪ ನೂಲ ಬಂದ್ರ ಎರಡೂ ಕೂಡೇ ಅಗಲ ಆಕ್ಕಾವು. ಹೂವು ದಡಿ ಬಿಟ್ಟು ಹೊರಗ ಹೋಗಂಗಿಲ್ಲ. ನೀವು ಇಂಚುಪಟ್ಟಿ ಹಿಡ್ಕೊಂಡು ದಡಿ ಮಾಡಿ, ಆಮ್ಯಾಲೆ ದಪ್ಪ ನೂಲ ಹಾಕಿದ್ರ ಹೂವು ಎಲ್ಲಿ ಹೋಗಬೇಕ್ರಿ ಪಾಪ? ನಿಮ್ಮ ಪುಟದಾಗ ಎಳಿ ಅಂದ್ರ ಯಾವ್ದು?"

ನಾನು ಅಳುಕುತ್ತ, "ಅಕ್ಷರರಿ," ಎಂದೆ. ಟೈಪಿಂಗ್ ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಗಳು ಇಂಥ ದನಿಯಲ್ಲಿ ಉತ್ತರ ಕೊಟ್ಟಾಗ ನಾನು ಬೈದಿದ್ದೇನೆ.

"ಹಂಗಾದ್ರ ಅಕ್ಷರದ ಅಳತಿಲೆ ಕಟ್ರಿ. ಇನ್ನೊಂದು, ಇಲ್ಲಿ ನೋಡ್ರಿ." ಅವರು ಸೆರಗು ಮತ್ತು ಒಡಲು ಕೂಡುವ ಜಾಗವನ್ನು ಬೆರಳಿನಿಂದ ಸವರಿ ತೋರಿಸಿದರು. ನಮ್ಮ ಕಡೆಯ ಸೀರೆಗೆ ಸೆರಗಿನ ಹಾಸು, ಎಂದರೆ ಉದ್ದದ ಎಳೆಗಳೇ ಬೇರೆ, ಒಡಲಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. "ಒಂದೊಂದ ಎಳಿಗೂ ಕೊಂಡಿ ಐತ್ರಿ. ನೀವು ಫೋಟೋದ ಸಾಲ ಬ್ಯಾರೆ ಇಟ್ಟೀರಿ, ಹೆಸರಿನ ಸಾಲ ಬ್ಯಾರೆ ಇಟ್ಟೀರಿ, ನಡುವ ಕೊಂಡೀನ ಇಲ್ಲ. ಜಾರದ ಏನ ಮಾಡ್ತೈತ್ರಿ?"

ಮನೆಗೆ ಬಂದು ದಪ್ಪ ಪುಸ್ತಕ ತೆಗೆದೆ. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದ ಅಧ್ಯಾಯದಲ್ಲಿ ಇದೇ ಮಾತು ಇಂಗ್ಲಿಷಿನಲ್ಲಿ, ಮಾಬುಸಾಬರಷ್ಟು ಸ್ಪಷ್ಟವಾಗಿಯಲ್ಲದಿದ್ದರೂ, ಬರೆದಿತ್ತು. ಪೆಟ್ಟಿಗೆಯ ಅಗಲ, ನಡುವಿನ ಜಾಗ ಎಲ್ಲವನ್ನೂ 'ಇಷ್ಟು ಅಕ್ಷರದಷ್ಟು' ಎಂದು ಹೇಳಬೇಕಂತೆ. ಅಕ್ಷರ ಬೆಳೆದರೆ ಅವೂ ಬೆಳೆಯುತ್ತವಂತೆ. ನನ್ನ ಅಷ್ಟೂ ಚುಕ್ಕಿಗಳನ್ನು ಕಿತ್ತುಹಾಕಿದೆ. ಒಂದು ಸೀರೆ, ಅದರ ಕೆಳಗೆ ಅದರ ಹೆಸರು, ಎರಡೂ ಒಂದೇ ಪೆಟ್ಟಿಗೆಯಲ್ಲಿ. ಇಂಥ ಎಂಟು ಪೆಟ್ಟಿಗೆ. ಸಾಲಿನಲ್ಲಿ ನಾಲ್ಕು ಹಿಡಿಸಿದರೆ ನಾಲ್ಕು. ಅಕ್ಷರ ಹಿಗ್ಗಿ ಹಿಡಿಸದಿದ್ದರೆ ನಾಲ್ಕನೆಯದು ತನ್ನ ಹೆಸರನ್ನು ಕಟ್ಟಿಕೊಂಡೇ ಕೆಳಗಿಳಿಯಬೇಕು. ಹೇಳಲಿಕ್ಕೆ ಎರಡು ಮಾತು, ಮಾಡಲಿಕ್ಕೆ ಒಂದು ವಾರ. ಒಂದನ್ನು ಸರಿಮಾಡಿದರೆ ಇನ್ನೊಂದು ಸೊಟ್ಟ. ಸಣ್ಣ ಮೆಟ್ಟಿಲಿನಲ್ಲಿ ಚೆನ್ನಾಗಿ ಕಂಡದ್ದು ದೊಡ್ಡದರಲ್ಲಿ ಹೊಟ್ಟೆ ಬಿಟ್ಟಿತು. ನಾನು ಏಳುತ್ತ ಕೂರುತ್ತ ಐದು ಮೆಟ್ಟಿಲು ಹತ್ತಿ ಇಳಿದೆ. ನಮ್ಮೂರ ಗುಡ್ಡವನ್ನು ಅಷ್ಟು ಸಲ ಹತ್ತಿದ್ದರೆ ಹೊಟ್ಟೆಯಾದರೂ ಕರಗುತ್ತಿತ್ತು. ಸಾರಿಗೆ ಉಪ್ಪು ಮತ್ತೆ ಸರಿಯಾಗಿ ಬೀಳತೊಡಗಿತು.

ಕಡೆಗೆ ಒಂದು ಸಂಜೆ ಇಬ್ಬರನ್ನೂ ಕರೆಸಿದೆ. ಶಾರದಾ ಅಕ್ಷರವನ್ನು ಐದನೆಯ ಮೆಟ್ಟಿಲಿಗೆ ಹತ್ತಿಸಿದಳು. ಪುಟ ಒಮ್ಮೆ ಮೈಮುರಿದಂತೆ ಅಲುಗಾಡಿ ನಿಂತಿತು. ಸಾಲಿಗೆ ಮೂರೇ ಸೀರೆ ಉಳಿದವು, ನಾಲ್ಕನೆಯದು ಎರಡನೆಯ ಸಾಲಿನ ಮೊದಲಿಗೆ ಬಂತು. ಅದರ ಹೆಸರು ಅದರ ಅಡಿಗೇ ಇತ್ತು, ಕುಂಬಳಕಾಯಿಯಷ್ಟು ದಪ್ಪವಾಗಿ. ಮಾಬುಸಾಬ ಪರದೆಯ ಮೇಲೆ ಬೆರಳಿಟ್ಟು, ಮೂರನೆಯ ತರಗತಿಯ ಹುಡುಗರಂತೆ ಒಂದೊಂದೇ ಅಕ್ಷರ ಓದಿದರು. ತಮ್ಮ ಹೆಸರು ಓದಿದರು. ಅಪ್ಪನ ಹೆಸರು ಬಂದಾಗ ಬೆರಳು ಅಲ್ಲೇ ನಿಂತಿತು. "ಅಬ್ಬಾನೂ ಬಂದಾರಲ್ರಿ," ಎಂದರು. ಅವರ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಶಾರದಾ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಇಡಲು ಒಳಗೆ ಹೋದಳು. ಇಷ್ಟು ದಿನದ ಸುಸ್ತು ಒಂದು ಗಳಿಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ವೀರಪ್ಪ ತಮ್ಮ ಸೀರೆಯ ನೆತ್ತಿಯನ್ನು ಮೂರು ಸಲ ಪರೀಕ್ಷಿಸಿ, ಅಲ್ಲಿ ಯಾರೂ ಕೂತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಗೋಡೆಯ ಕಡೆ ತಿರುಗಿ, "ಅವ್ರ ದಡಿ ಫೋಟೋದಾಗ ಭಾಳ ಚಲೋ ಬಂದೈತಿ ಅಂತ ಹೇಳ್ರಿ," ಎಂದರು. ನಾನು ಹೇಳಿದೆ. "ಕೇಳಿಸ್ತಂತ ಹೇಳ್ರಿ," ಎಂದರು ಮಾಬುಸಾಬ.

ಅವರಿಗೆ ಈಗ ಓದುವ ಹುರುಪು ಬಂದಿತ್ತು. ಎಂಟೂ ಹೆಸರು ಓದಿ ಮುಗಿಸಿ, ಪುಟದ ಕೊನೆಗೆ ಬಂದರು. "ಮಾಸ್ತರ್ರ, ಗಾಜಿನ ಮ್ಯಾಲೆ ತಳದಾಗ ಇರುವಿ ಸಾಲು ಹೊಂಟೈತೇನ್ರಿ?" ನಾನು ಬಾಗಿ ನೋಡಿದೆ. ಅದು ಇರುವೆಯ ಸಾಲಾಗಿರಲಿಲ್ಲ. ಪುಟ ಕಟ್ಟಿದ ಮೊದಲ ದಿನದ ಹುಮ್ಮಸ್ಸಿನಲ್ಲಿ, 'ಈ ಪುಟವನ್ನು ರಚಿಸಿದವರು' ಎಂದು ನನ್ನ ಹೆಸರನ್ನು ನಾಜೂಕಾದ ಸಣ್ಣಕ್ಷರಗಳಲ್ಲಿ ಬರೆದು, ಅಂದ ಕೆಡಬಾರದೆಂದು ಅದನ್ನೊಂದು ಚಿತ್ರ ಮಾಡಿ ಅಂಟಿಸಿದ್ದೆ. ಊರವರ ಹೆಸರಿಗೆಲ್ಲ ಅಕ್ಷರದ ಅಳತೆ ಹಾಕುವ ಗದ್ದಲದಲ್ಲಿ ನನ್ನದೊಂದನ್ನು ಮರೆತಿದ್ದೆ. ಚಿತ್ರಕ್ಕೆ ಮೆಟ್ಟಿಲು ಹತ್ತಲಿಕ್ಕೆ ಬರುವುದಿಲ್ಲ. ಎಲ್ಲರೂ ಕುಂಬಳಕಾಯಿಯಾದಾಗ ನಾನೊಬ್ಬ ಅಲ್ಲೇ ಸಾಸಿವೆಯಾಗಿ ಉಳಿದಿದ್ದೆ. ಚಹಾ ತಂದ ಶಾರದಾ ನನ್ನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ ತುಟಿ ಬಿಗಿಹಿಡಿದಳು. ಮಾಬುಸಾಬ ಹೆಗಲ ಮೇಲಿನ ಟವೆಲಿನ ತುದಿಯಿಂದ ಗಾಜನ್ನು ಒರೆಸಿದರು. ಹೋಗಲಿಲ್ಲ. ಬಾಯಿಂದ ಉಫ್ ಎಂದು ಹಬೆ ಬಿಟ್ಟು, ಇನ್ನೂ ಒತ್ತಿ ಒರೆಸಿದರು. "ಹೋಗವಲ್ದಲ್ರಿ," ಎಂದರು.

ಮತ್ತೆ ಶುರುಮಾಡುವ ತ್ರಾಣ ನನ್ನಲ್ಲಿರಲಿಲ್ಲ. "ಬಿಡ್ರಿ ಮಾಬುಸಾಬ್ರ," ಎಂದೆ, "ಅದು ಒಳಗಿನ ಧೂಳು."